ಜೀಪಿನಲ್ಲಿ ಗಡ್ಡೆ ಮೊಸರು

ನಮ್ಮ ಮನೆಯ ಹಿಂಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ನೋಡಿಕೊಳ್ಳುವ ಕೆಲಸ ಈಗ ಜೀಪಿನ ಒಂದು ಕಮಾನು ಪಟ್ಟಿಯದು. ಬಿಲ್ಲಿನ ಹಾಗೆ ಬಾಗಿದ, ತುಕ್ಕು ಕೆರೆದು ಎಣ್ಣೆ ಸವರಿದ ಉಕ್ಕಿನ ಪಟ್ಟಿ. ಮೊದಲು ಈ ಕೆಲಸ ಮಾಡುತ್ತಿದ್ದದ್ದು ಒರಳುಕಲ್ಲು. ಆ ಕಲ್ಲು ಈಗ ಜೀಪಿನ ಹಿಂಭಾಗದಲ್ಲಿ ಹಗ್ಗ ಕಟ್ಟಿಸಿಕೊಂಡು ಕೂತಿದೆ. ಜೀಪಿನಲ್ಲಿರಬೇಕಾದದ್ದು ಅಡುಗೆಮನೆಯ ಹಿಂದೆ, ಅಡುಗೆಮನೆಯ ಹಿಂದೆ ಇರಬೇಕಾದದ್ದು ಜೀಪಿನಲ್ಲಿ. ಈ ಅದಲುಬದಲು ನಮಗೆ ಎಷ್ಟು ಅಭ್ಯಾಸವಾಗಿದೆಯೆಂದರೆ, ಯಾರಾದರೂ ಕೇಳಿದಾಗಲೇ ಇದು ವಿಚಿತ್ರವೆಂದು ನೆನಪಾಗುವುದು.

ಎದುರು ಮನೆಯ ನಿವೃತ್ತ ವಿಜ್ಞಾನದ ಮೇಷ್ಟ್ರು ಒಂದು ಬೆಳಿಗ್ಗೆ ತಡೆಯಲಾರದೆ ಕೇಳಿಯೇಬಿಟ್ಟರು.

"ಅಲ್ರೀ ಶ್ರೀನಿವಾಸ್, ಆ ಒರಳುಕಲ್ಲನ್ನ ಎಲ್ಲಿಗೆ ಸಾಗಿಸ್ತಿದ್ದೀರಿ? ದಿನಾ ನೋಡ್ತೀನಿ, ಹೋಗುತ್ತೆ, ವಾಪಸ್ ಬರುತ್ತೆ."

"ಎಲ್ಲಿಗೂ ಇಲ್ಲ ಸಾರ್. ಗಾಡಿ ಮೆತ್ತಗೆ ಹೋಗ್ಲಿ ಅಂತ ಇಟ್ಟಿದ್ದೀನಿ."

"ಕಲ್ಲಿಟ್ರೆ ಮೆತ್ತಗಾಗುತ್ತಾ?"

"ಆಗುತ್ತೆ."

ಅವರು ನನ್ನ ಮುಖವನ್ನೊಮ್ಮೆ ನೋಡಿ ವಾಕಿಂಗ್ ಮುಂದುವರಿಸಿದರು. ಮೂವತ್ತು ವರ್ಷ ದಡ್ಡ ಹುಡುಗರನ್ನು ಸಹಿಸಿಕೊಂಡವರ ತಾಳ್ಮೆ ಅದು.

ಆದರೆ ಆಗುತ್ತದೆ. ಅದನ್ನು ನಿಮಗೆ ನಂಬಿಸುತ್ತೇನೆ. ಅದಕ್ಕೆ ಮೊದಲು ಒಂದು ನೆನಪನ್ನು ಹೇಳಬೇಕು, ಅದನ್ನು ಮಾತ್ರ ನೀವು ಈಗಲೇ ನಂಬಬೇಡಿ. ನಾನು ನಂಬಿ ಕೆಟ್ಟಿದ್ದೇನೆ.

ಈ ಜೀಪನ್ನು ನಾನು ಕೊಂಡದ್ದೇ ಆ ನೆನಪನ್ನು ನಂಬಿ. ನಾನು ಚಿಕ್ಕವನಾಗಿದ್ದಾಗ ನಾವು ಜಯನಗರದಲ್ಲಿದ್ದೆವು. ರಸ್ತೆ ಕಂಟ್ರಾಕ್ಟು ಮಾಡುತ್ತಿದ್ದ ನಮ್ಮ ಚಿಕ್ಕಪ್ಪನ ಹತ್ತಿರ ಒಂದು ಜೀಪಿತ್ತು. ಕೆಲವು ಭಾನುವಾರ ಮನೆಮಂದಿಯೆಲ್ಲ ಅದರಲ್ಲಿ ತುಂಬಿಕೊಂಡು ಹುಳಿಮಾವಿನ ಕೆರೆಯ ದಂಡೆಗೆ ಹೋಗುತ್ತಿದ್ದೆವು. ಆಗ ಬನ್ನೇರುಘಟ್ಟ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಗಾಡಿಜಾಡು, ರಾಗಿ ಹೊಲ, ನೀಲಗಿರಿ ತೋಪು. ಚಿತ್ರಾನ್ನದ ಡಬ್ಬಿ, ಮೊಸರನ್ನದ ಪಾತ್ರೆ, ಪೆಟ್ರೋಲಿನ ವಾಸನೆ. ಆ ಜಾಡಿನ ಗುಂಡಿಗಳಲ್ಲಿ ಚಿಕ್ಕಪ್ಪನ ಜೀಪು ಏಳುತ್ತಿರಲಿಲ್ಲ, ಬೀಳುತ್ತಿರಲಿಲ್ಲ, ತೇಲುತ್ತಿತ್ತು. ನಾನು ಹತ್ತಿದ ಸ್ವಲ್ಪ ಹೊತ್ತಿಗೆಲ್ಲ ನಿದ್ದೆ ಹೋಗುತ್ತಿದ್ದೆ. ಹೊಟ್ಟೆಯ ಸುತ್ತ ಒಂದು ಬೆಲ್ಟು ಬಿಗಿಯಾಗಿ ಹಿಡಿದುಕೊಂಡಿರುತ್ತಿತ್ತು. ಹತ್ತಿಯ ಹಾಸಿಗೆಯ ಮೇಲೆ ಮಲಗಿಸಿ ಯಾರೋ ನಿಧಾನವಾಗಿ ಎಳೆದುಕೊಂಡು ಹೋದ ಹಾಗೆ. ಆಮೇಲೆ ಎಷ್ಟೋ ಕಾರುಗಳಲ್ಲಿ ಕೂತಿದ್ದೇನೆ. ಆ ಸುಖ ಇನ್ನೊಂದರಲ್ಲಿ ಸಿಗಲಿಲ್ಲ.

ಅದೇ ಕಾಲದ, ಅದೇ ತರಹದ ಒಂದು ಹಳೆಯ ಜೀಪು ಮಾರಾಟಕ್ಕಿದೆಯೆಂದು ಗೊತ್ತಾದಾಗ ನಾನು ಓಡಿಸಿಯೂ ನೋಡಲಿಲ್ಲ. ಓಡಿಸಿ ನೋಡುವುದೇನು, ಬಾಲ್ಯದಲ್ಲೇ ನೋಡಿಯಾಗಿತ್ತಲ್ಲ! ಕೊಂಡು ಮನೆಗೆ ತರುವಾಗ ಕತ್ರಿಗುಪ್ಪೆಯ ಮೊದಲನೆಯ ರಸ್ತೆಹಂಪಿನಲ್ಲಿ ನನ್ನ ಹಲ್ಲಿಗೆ ಹಲ್ಲು ಬಡಿಯಿತು. ಎರಡನೆಯದರಲ್ಲಿ ಕನ್ನಡಕ ಮೂಗು ಬಿಟ್ಟು ಬಾಯಿಗೆ ಬಂತು. ಮನೆ ಮುಟ್ಟಿದಾಗ ನನ್ನ ಹೆಂಡತಿ ವಸುಧಾ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಪೂಜೆ ಮುಗಿಸಿ, ಪಕ್ಕದಲ್ಲಿ ಕೂತು, ಬೀದಿಯ ತಿರುವಿನವರೆಗೆ ಬಂದು, ಅಲ್ಲಿಯೇ ಇಳಿದು ನಡೆದುಕೊಂಡು ವಾಪಸಾದಳು.

"ಇದರಲ್ಲಿ ಕೂತ್ರೆ ಹೊಟ್ಟೇಲಿರೋ ಇಡ್ಲಿ ವಾಪಸ್ ಹಿಟ್ಟಾಗುತ್ತೆ ರೀ."

ಚಿಕ್ಕಪ್ಪನ ಜೀಪಿನ ಬಗ್ಗೆ ನಮ್ಮ ಮನೆಯಲ್ಲಿ ಯಾರ ನೆನಪೂ ಯಾರ ನೆನಪಿಗೂ ಹೊಂದುವುದಿಲ್ಲ ಎಂಬುದನ್ನು ನಾನು ಆಗಲೇ ಗಮನಿಸಬೇಕಿತ್ತು. ನನ್ನ ಪ್ರಕಾರ ಅದು ಹಸಿರು. ನನ್ನ ಅಕ್ಕ ಸರಳಾ, ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು, ಅದು ಬೂದು ಬಣ್ಣದ್ದು ಅನ್ನುತ್ತಾಳೆ. ಎಲ್ಲರಿಗಿಂತ ಖಚಿತವಾಗಿ ಹೇಳುವವರು ಅಕ್ಕನ ಗಂಡ, ನಮ್ಮ ಭಾವ: "ನೀಲಿ. ಡೌಟೇ ಬೇಡ." ಚಿಕ್ಕಪ್ಪ ಜೀಪು ಮಾರಿದ ಎಷ್ಟೋ ಕಾಲದ ಮೇಲೆ ಭಾವ ನಮ್ಮ ಮನೆಗೆ ಹೆಣ್ಣು ನೋಡಲು ಬಂದದ್ದು. ಅದನ್ನು ನೆನಪಿಸಿದರೆ, "ಹಾಗಾದ್ರೆ ಫೋಟೋದಲ್ಲಿ ನೋಡಿರ್ಬೇಕು" ಅನ್ನುತ್ತಾರೆ. ಇರುವ ಒಂದೇ ಫೋಟೋ ಕಪ್ಪು ಬಿಳುಪಿನದು.

ಜೀಪಿನ ಒರಟುತನ ನನ್ನೊಬ್ಬನ ಬೆನ್ನಿನ ಸಮಾಚಾರವಾಗಿದ್ದಷ್ಟು ದಿನ ಅದನ್ನೂ ಒಂದು ಸೊಗಸೆಂದು ಸಾಧಿಸಿಕೊಂಡು ಓಡಾಡಿದೆ. ಅದು ನಿಜವಾದ ಸಮಸ್ಯೆಯಾದದ್ದು ಅಕ್ಕನಿಂದ.

ಅಕ್ಕ ಈಗಿರುವುದು ಅದೇ ಹುಳಿಮಾವಿನಲ್ಲಿ, ಕೆರೆಗೆ ಮುಖ ಮಾಡಿದ ಒಂದು ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯಲ್ಲಿ. ಬೇಸಿಗೆಯಲ್ಲಿ ಬಚ್ಚಲ ಬಾಗಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಕೀಲು ಬದಲಿಸಿದರು. ಡಾಕ್ಟರು ಓಡಾಡಿ ಅಂದರು, ಮನೆಯೊಳಗೆ ಓಡಾಡಿದಳು. ಹೊರಗೆ ಹೋಗಿ ಅಂದರು, ಲಿಫ್ಟಿನವರೆಗೆ ಹೋಗಿ ಬಂದಳು. ತಗ್ಗಾದ ಸೀಟಿನಲ್ಲಿ ಮಾತ್ರ ಕೂರಬಾರದೆಂಬ ಕಟ್ಟಳೆ ಇತ್ತು, ಅಲ್ಲಿಗೆ ಕಾರುಗಳೆಲ್ಲ ಹೊರಗಾದವು. ಆಟೋ ಅಂದರೆ ಅವಳ ಮುಖ ಬಿಳುಚಿಕೊಳ್ಳುತ್ತಿತ್ತು. ಹೊಸ ಕೀಲು ಕೂಡಿಕೊಂಡಿತ್ತು, ಆದರೆ ಬಿದ್ದ ಆ ಒಂದು ಗಳಿಗೆ ಅವಳೊಳಗೆ ಇನ್ನೂ ಬೀಳುತ್ತಲೇ ಇತ್ತು. ಕಿಟಕಿಯ ಪಕ್ಕದ ಎತ್ತರದ ಕುರ್ಚಿಯಲ್ಲಿ ಕೂತು ಕೆರೆ ನೋಡುವುದೇ ದಿನಚರಿಯಾಯಿತು. ಫೋನು ಮಾಡಿದರೆ ಮೊದಲಿನ ಹಾಗೆ ಬೈಯುವುದನ್ನೂ ಬಿಟ್ಟಳು. ನನಗೆ ಭಯವಾದದ್ದು ಅದಕ್ಕೆ.

ಗೌರಿ ಹಬ್ಬ ಹತ್ತಿರ ಬರುತ್ತಿತ್ತು. ಮದುವೆಯಾದ ಮೇಲೆ ಅಕ್ಕ ಗೌರಿಗೆ ತವರಿಗೆ ಬಾರದ ವರ್ಷವಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಪದ್ಮನಾಭನಗರದ ನಮ್ಮ ಮನೆಯೇ ಅವಳ ತವರು. ಬಂದು, ವಸುಧಾಳ ಅಡುಗೆಯಲ್ಲಿ ತಪ್ಪು ಹುಡುಕಿ, ಬಾಗಿನ ತೆಗೆದುಕೊಂಡು, ಸಂಜೆಗೆ ಹೊರಡುವಾಗ ಗೇಟಿನ ಹತ್ತಿರ ಒಂದು ಗಂಟೆ ನಿಂತು ಮಾತಾಡುವುದು ಪದ್ಧತಿ. ಈ ಸಲ ಕರೆಯಲು ಫೋನು ಮಾಡಿದೆ.

"ಗೌರಿ ಬರ್ತಾಳೆ ಕಣೋ, ನಾನು ಬರಲ್ಲ" ಅಂದಳು.

"ಜೀಪು ತರ್ತೀನಿ ಅಕ್ಕಾ. ಸೀಟು ಎತ್ತರ ಇದೆ. ನಿನಗೆ ಅಂತಾನೇ ಮಾಡಿಸ್ದಂಗಿದೆ."

"ನಿನ್ ಜೀಪಾ? ವಸುಧಾ ಎಲ್ಲಾ ಹೇಳಿದಾಳೆ."

"ರಿಪೇರಿ ಮಾಡಿಸ್ತೀನಿ."

ಆ ಕಡೆಯಿಂದ, ನನ್ನ ಬಾಯಿ ಮುಚ್ಚಿಸಲೆಂದೇ ಇರಬೇಕು, ಒಂದು ಷರತ್ತು ಬಂತು.

"ಹಾಗಾದ್ರೆ ಒಂದು ಡಬ್ಬಿ ಗಡ್ಡೆ ಮೊಸರು ಅದರಲ್ಲಿಟ್ಕೊಂಡು ಇಲ್ಲಿಗೆ ಬಾ. ಮೊಸರು ಮೊಸರಾಗೇ ಬಂದ್ರೆ ನಾನೂ ಕೂರ್ತೀನಿ. ಮಜ್ಜಿಗೆ ಆಗಿ ಬಂದ್ರೆ ಆ ಮಾತು ಮತ್ತೆ ಎತ್ತಬಾರ್ದು."

ನಮ್ಮ ಮನೆಗಳಲ್ಲಿ ಮೊಸರಿನ ಬಗ್ಗೆ ಇರುವಷ್ಟು ಕಟ್ಟುನಿಟ್ಟು ದೇವರ ಬಗ್ಗೆ ಇಲ್ಲ. ಹೆಪ್ಪು ಹಾಕಿದ ಪಾತ್ರೆಯನ್ನು ಅಲುಗಿಸುವ ಹಾಗಿಲ್ಲ, ಅದರ ಹತ್ತಿರ ಸೀನುವ ಹಾಗಿಲ್ಲ. ಚಮಚ ಇಟ್ಟರೆ ಒಂದು ಕಡೆಯಿಂದ ಕತ್ತರಿಸಿದ ಹಾಗೆ ಬರಬೇಕು, ಉಳಿದದ್ದು ಕದಲದೆ ನಿಲ್ಲಬೇಕು. ಅಂಥದ್ದನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿ, ಮುಂದಿನ ಎಡಗಡೆ ಸೀಟಿನಲ್ಲಿಟ್ಟು, ಟವೆಲ್ ಸುತ್ತಿ, ಬೆಲ್ಟು ಹಾಕಿದೆ. ಅಕ್ಕ ಕೂರಬೇಕಾದ ಜಾಗದಲ್ಲಿ ಅಕ್ಕನ ಪ್ರತಿನಿಧಿ. ಕದಿರೇನಹಳ್ಳಿ, ಸಾರಕ್ಕಿ, ಜೆ.ಪಿ. ನಗರ, ಬನ್ನೇರುಘಟ್ಟ ರಸ್ತೆ. ಕಾಡುಮೇಡಿನಲ್ಲಿ ಓಡಲೆಂದು ಹುಟ್ಟಿದ ಗಾಡಿಗೆ ಸಾರಕ್ಕಿಯ ರಸ್ತೆಯೇನೂ ಅಪರಿಚಿತವೆನಿಸಿರಲಾರದು.

ಬಾಗಿಲು ತೆರೆದವರು ಭಾವ. ಡಬ್ಬಿ ತೆಗೆದುಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಗುಳುಗುಳು ಅಂದಿತು. ಮುಚ್ಚಳ ತೆಗೆಯುವ ಕಷ್ಟವನ್ನೂ ತೆಗೆದುಕೊಳ್ಳದೆ ಒಳಗೆ ಕೂಗಿದರು: "ಸರಳಾ, ಮಜ್ಜಿಗೆ!"

ಅಕ್ಕ ಕುರ್ಚಿಯಿಂದಲೇ ನಕ್ಕಳು. ಎಷ್ಟೋ ದಿನದ ಮೇಲೆ ಕೇಳಿದ ನಗು ಅದು. ಅದಕ್ಕಾಗಿ ಇನ್ನೂ ನಾಲ್ಕು ಡಬ್ಬಿ ಮಜ್ಜಿಗೆ ಮಾಡಲು ನಾನು ತಯಾರಿದ್ದೆ. ಮಾತು ಎತ್ತಬಾರದೆಂಬ ಷರತ್ತನ್ನು ಅವಳೂ ಮರೆತಳು, ನಾನೂ ನೆನಪಿಸಲಿಲ್ಲ.

ಕತ್ರಿಗುಪ್ಪೆಯಲ್ಲಿ ನಯಾಜ್ ಎಂಬ ಮೆಕ್ಯಾನಿಕ್ ಇದ್ದಾನೆ. ನಮ್ಮಿಬ್ಬರ ಸ್ವಭಾವ ಒಂದೇ: ಗೊತ್ತಿಲ್ಲ ಎಂದು ಹೇಳಲು ಬರುವುದಿಲ್ಲ. ಅವನು ಜೀಪಿನ ಕೆಳಗೆ ನುಗ್ಗಿದ, ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ, ಇಬ್ಬರೂ ಪೂರ್ತಿ ಭರವಸೆಯಿಂದ ಊಹೆ ಮಾಡತೊಡಗಿದೆವು.

ಮೊದಲು ಗಾಳಿ. ಬಂಕಿನವನು ಜೀಪೆಂಬ ಗೌರವಕ್ಕೆ ಟೈರುಗಳನ್ನು ಕಲ್ಲಿನ ಹಾಗೆ ತುಂಬಿಸಿದ್ದ. ಇಳಿಸಿದೆವು. ಹಲ್ಲು ಬಡಿಯುವುದು ನಿಂತಿತು, ಮೊಸರಿಗೆ ಮಾತ್ರ ಗೊತ್ತಾಗಲಿಲ್ಲ. "ಮಜ್ಜಿಗೆ!" ಅಂದರು ಭಾವ. ಆಮೇಲೆ ಹೊಸ ಶಾಕ್ ಅಬ್ಸಾರ್ಬರುಗಳು ಬಂದವು. ಮೊದಲು ಒಂದು ಗುಂಡಿಗೆ ಹಲವು ಸಲ ಕುಣಿಯುತ್ತಿದ್ದ ಜೀಪು ಈಗ ಒಂದೇ ಸಲ, ಆದರೆ ಮನಸ್ಸಿಟ್ಟು ಎತ್ತಿಹಾಕುತ್ತಿತ್ತು. "ಮಜ್ಜಿಗೆ. ಆದ್ರೆ ಬೆಣ್ಣೆ ಬಂದಿದೆ ನೋಡು ಶೀನು, ಇಂಪ್ರೂವ್‌ಮೆಂಟ್!"

ಭಾವನವರಿಗೆ ಈ ಪರೀಕ್ಷೆ ಎಷ್ಟು ಹಿಡಿಸಿತ್ತೆಂದರೆ ಒಗ್ಗರಣೆಗೆ ಕರಿಬೇವು ತರಿಸಿಟ್ಟುಕೊಂಡೇ ಕಾಯುತ್ತಿದ್ದರು. ಆ ಮನೆಯಲ್ಲಿ ಆಗ ಮಜ್ಜಿಗೆಹುಳಿ ಬಿಟ್ಟು ಬೇರೆ ಅಡುಗೆಯಿರಲಿಲ್ಲ.

ಆಮೇಲೆ ಕಮಾನು ಪಟ್ಟಿಗಳಿಗೆ ಕೈಹಾಕಿದೆವು. ಜೀಪಿನ ಭಾರವನ್ನೆಲ್ಲ ಹೊರುವುದು ಇವೇ: ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಕೆಳಗೊಂದು ಪೇರಿಸಿ ಕಟ್ಟಿದ ಕಟ್ಟು. ವರ್ಷಾನುಗಟ್ಟಲೆ ತುಕ್ಕು ಹಿಡಿದು ಅವೆಲ್ಲ ಒಂದಕ್ಕೊಂದು ಅಂಟಿಕೊಂಡು ದಿಮ್ಮಿಯಾಗಿದ್ದವು. ಬಿಚ್ಚಿಸಿ, ಕೆರೆಸಿ, ನಡುವೆ ಗ್ರೀಸು ಹಚ್ಚಿಸಿದೆವು. ಹಾಗೆ ಬಿಚ್ಚಿದಾಗಲೇ ಹಿಂದಿನ ಕಟ್ಟುಗಳಿಂದ ಒಂದೊಂದು ಪಟ್ಟಿಯನ್ನು ತೆಗೆದದ್ದು. ಎಡಗಡೆಯದು ನಮ್ಮ ಬಾಗಿಲಿಗೆ ಬಂತು, ಬಲಗಡೆಯದು ನಯಾಜನ ಶೆಡ್ಡಿನ ಟಾರ್ಪಾಲು ಹಾರದಂತೆ ಕಾಯುತ್ತಿದೆ.

ಆ ದಿನ ಗ್ಯಾರೇಜಿನಲ್ಲಿ ಚಿಕ್ಕಪ್ಪನ ಜೀಪಿನ ವರ್ಣನೆ ಕೊಡುತ್ತಿದ್ದೆ. ತೇಲುವುದು, ಹತ್ತಿ ಹಾಸಿಗೆ, ಹೊಟ್ಟೆಯ ಸುತ್ತ ಬೆಲ್ಟು. ನಯಾಜ್ ಜೀಪಿನ ಅಡಿಯಿಂದ ತಲೆ ಹೊರಹಾಕಿದ.

"ಬೆಲ್ಟಾ? ಆ ಕಾಲದ ಜೀಪಲ್ಲಿ, ಹಿಂದಿನ್ ಸೀಟಲ್ಲಿ? ಇಲ್ಲ ಸಾರ್, ಚಾನ್ಸೇ ಇಲ್ಲ."

"ಇತ್ತಪ್ಪಾ. ನನಗೆ ಚೆನ್ನಾಗಿ ನೆನಪಿದೆ. ಸ್ವಲ್ಪ ಒತ್ತುತ್ತಿತ್ತು ಕೂಡ."

"ಹಂಗಾದ್ರೆ ಇತ್ತು ಬಿಡಿ" ಅಂದು ತಲೆ ಒಳಗೆಳೆದುಕೊಂಡ. ಗಿರಾಕಿಯ ನೆನಪಿನ ಜೊತೆ ಅವನು ಜಗಳ ಆಡುವುದಿಲ್ಲ.

ಪಟ್ಟಿ ತೆಗೆಸಿದ ಹುಮ್ಮಸ್ಸಿನಲ್ಲಿ ನನಗೊಂದು ಸಿದ್ಧಾಂತ ಹೊಳೆಯಿತು. ಭಾರ ಕಡಿಮೆಯಾದಷ್ಟೂ ಪೆಟ್ಟು ಕಡಿಮೆ. ಹೂವು ಬಿದ್ದರೆ ಸದ್ದಾಗುತ್ತದೆಯೇ? ಹಿಂದಿನ ಬೆಂಚುಗಳನ್ನು ಬಿಚ್ಚಿಸಿದೆ. ಕಬ್ಬಿಣದ ಟೂಲ್ ಪೆಟ್ಟಿಗೆ ಇಳಿಸಿದೆ. ಹೊದಿಕೆಯ ಕಂಬಿಗಳನ್ನೂ ಕಳಚಿಸಿದೆ. ನಯಾಜ್ "ಸಖತ್ ಐಡಿಯಾ ಸಾರ್, ಗಾಡಿ ಹಾರುತ್ತೆ" ಅಂದ. ಹಾರಿತು. ಜೆ.ಪಿ. ನಗರದ ಒಂದು ಹಂಪಿನ ಮೇಲೆ ನಾನೂ ಡಬ್ಬಿಯೂ ಏಕಕಾಲಕ್ಕೆ ಸೀಟು ಬಿಟ್ಟು ಎದ್ದೆವು. ಮುಚ್ಚಳ ಹಾರಿಹೋಗಿ ಡ್ಯಾಶ್‌ಬೋರ್ಡಿಗೆಲ್ಲ ಅಭಿಷೇಕವಾಯಿತು. ಆ ದಿನ ಭಾವ ಖಾಲಿ ಡಬ್ಬಿಯೊಳಗೆ ಇಣುಕಿ, "ಇವತ್ತು ಸಾರೇ ಗತಿ" ಅಂದರು.

ಅಕ್ಕ ನಗಲಿಲ್ಲ. ನನ್ನ ಅಂಗಿಯ ಮೇಲಿನ ಮೊಸರನ್ನು ನೋಡಿ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಸಾಕು ಬಿಡೋ ಶೀನ. ಡಬ್ಬೀನೇ ಹಾರಿದ ಮೇಲೆ ನಾನು ಕೂರ್ತೀನಾ?"

ಹಬ್ಬ ಇನ್ನೊಂದೇ ವಾರವಿತ್ತು. ಇದು ತಮಾಷೆಯಲ್ಲ ಎಂದು ಆಗ ಅನ್ನಿಸಿತು. ಈ ವರ್ಷ ಬಾರದಿದ್ದರೆ ಮುಂದಿನ ವರ್ಷ ಬಾರದಿರುವುದು ಇನ್ನೂ ಸುಲಭ. ಹಾಗೇ ಆ ಕುರ್ಚಿ, ಆ ಕಿಟಕಿ, ಆ ಕೆರೆ.

ಪರಿಹಾರ ಸಿಕ್ಕಿದ್ದು ಆಕಸ್ಮಿಕವಾಗಿ. ಅದನ್ನು ನನ್ನ ಬುದ್ಧಿವಂತಿಕೆಯ ಲೆಕ್ಕಕ್ಕೆ ಬರೆದುಕೊಳ್ಳಲು ಬೇಕಾದಷ್ಟು ಪ್ರಯತ್ನಪಟ್ಟಿದ್ದೇನೆ, ವಸುಧಾ ಬಿಡುವುದಿಲ್ಲ. ಹಿಂಬಾಗಿಲ ಒರಳುಕಲ್ಲನ್ನು ಜೆ.ಪಿ. ನಗರದಲ್ಲಿರುವ ತನ್ನ ತಂಗಿಗೆ ಕೊಡಬೇಕೆಂದು ಅವಳು ನಿಶ್ಚಯಿಸಿದ್ದಳು. ಇಬ್ಬರು ಸೇರಿ ಏದುಸಿರು ಬಿಡುತ್ತ ಅದನ್ನು ಜೀಪಿನ ಹಿಂದೆ ಏರಿಸಿದೆವು. ಹೋಗಿ ನೋಡಿದರೆ ತಂಗಿಯ ಮನೆಗೆ ಬೀಗ. ಕಲ್ಲನ್ನು ಹೊತ್ತುಕೊಂಡೇ ವಾಪಸು ಬರುವಾಗ ಸಾರಕ್ಕಿಯಲ್ಲಿ ನನಗೆ ಏನೋ ಕಳೆದುಹೋದ ಹಾಗನಿಸಿತು. ಏನೆಂದು ನೋಡಿದರೆ, ಏಟು! ಹಂಪು ಬಂತು, ಹೋಯಿತು. ಜೀಪು ಹೂಂ ಅಂದು ಬಾಗಿ, ಹೂಂ ಅಂದು ಎದ್ದಿತು. ಗಾಡಿ ನಿಲ್ಲಿಸಿ ಇಳಿದು ನೋಡಿದೆ. ಯಾವತ್ತೂ ಸೆಟೆದುಕೊಂಡಿರುತ್ತಿದ್ದ ಹಿಂದಿನ ಪಟ್ಟಿಗಳು ಕಲ್ಲಿನ ಭಾರಕ್ಕೆ ಸುಖವಾಗಿ ಬಾಗಿದ್ದವು.

ಹೊರಲೆಂದು ಮಾಡಿದ್ದಕ್ಕೆ ಹೊರೆ ಕೊಡದಿದ್ದರೆ ಅದು ಕೂತವರನ್ನೇ ಎತ್ತಿ ಎಸೆಯುತ್ತದೆ, ಅಷ್ಟೇ ವಿಷಯ. ನಾನು ಇಷ್ಟು ದಿನ ಹೊರೆಯನ್ನು ಕಡಿಮೆ ಮಾಡುತ್ತ ಬಂದಿದ್ದೆ. ವಸುಧಾಳ ತಂಗಿಗೆ ಮಿಕ್ಸಿಯೇ ಗತಿಯೆಂದು ಹೇಳಿ ಕಲ್ಲನ್ನು ಅಲ್ಲೇ ಹಗ್ಗದಿಂದ ಕಟ್ಟಿಸಿದೆ. ಬೆಂಚುಗಳನ್ನು ಮತ್ತೆ ಹಾಕಿಸಿದೆ.

ಆಮೇಲೆ ಇನ್ನೂ ದೊಡ್ಡದೊಂದು ಹೊಳೆಯಿತು. ಚಿಕ್ಕಪ್ಪನ ಜೀಪು ಯಾಕೆ ತೇಲುತ್ತಿತ್ತು? ಜನ! ಚಿಕ್ಕಪ್ಪ, ಚಿಕ್ಕಮ್ಮ, ಅಪ್ಪ, ಅಮ್ಮ, ಅಜ್ಜಿ, ಮಕ್ಕಳು, ಪಾತ್ರೆಪಡಗ, ಎಲ್ಲರ ಭಾರಕ್ಕೂ ಪಟ್ಟಿಗಳು ಬಾಗಿ ಮೆತ್ತಗಾಗಿದ್ದವು. ಆಗ ತುಂಬಿದ ಮನೆ, ತುಂಬಿದ ಜೀಪು. ಈಗ ಖಾಲಿ ಜೀಪು, ಅದಕ್ಕೇ ಒರಟು. ಕಣ್ಣಲ್ಲಿ ನೀರೇ ಬಂತು. ಇಲ್ಲಿಗೆ ಈ ಪ್ರಬಂಧವನ್ನು ಮುಗಿಸಬಹುದಿತ್ತು. ಚೆನ್ನಾಗಿಯೂ ಇರುತ್ತಿತ್ತು. ಆದರೆ ಇಷ್ಟು ಒಪ್ಪವಾಗಿ ಮಡಚಿಟ್ಟ ನೆನಪನ್ನು ಕಂಡರೆ ನನಗೆ ಅನುಮಾನ. ಒಗೆದ ಬಟ್ಟೆಯನ್ನಾದರೂ ಮಡಚುವವರು ಯಾರೋ ಇರುತ್ತಾರೆ, ನೆನಪನ್ನು ಮಡಚಿದವರು ಯಾರು? ಅಕ್ಕನಿಗೆ ಫೋನಿನಲ್ಲಿ ಇದನ್ನೆಲ್ಲ ಗದ್ಗದವಾಗಿ ಹೇಳಿದೆ. ಅವಳು "ಹೂಂ" ಅಂದಳು. ಎರಡು ಸಲ "ಹೂಂ" ಅಂದು, ಕುಕ್ಕರ್ ಕೂಗಿತೆಂದು ಫೋನಿಟ್ಟಳು.

ಒರಳುಕಲ್ಲಿನ ಜೊತೆ ಹೋದ ಮೊದಲ ಡಬ್ಬಿಯ ಮೊಸರು ಒಡೆದಿತ್ತು, ಆದರೆ ಪೂರ್ತಿ ಅಲ್ಲ. ಗಡ್ಡೆಗಳು ಇದ್ದವು, ಸುತ್ತ ನೀರು ಬಿಟ್ಟುಕೊಂಡಿತ್ತು. ಭಾವ ಚಮಚದಲ್ಲಿ ತಿರುವಿ ಬಹಳ ಹೊತ್ತು ಯೋಚಿಸಿದರು.

"ಮೊಸರು ಅನ್ನೋ ಹಾಗಿಲ್ಲ, ಮಜ್ಜಿಗೆ ಅಂದ್ರೆ ಅನ್ಯಾಯ. ಸಪ್ಲಿಮೆಂಟರಿ ಕೊಡೋಣ ಸರಳಾ."

"ಹಬ್ಬದ ಹಿಂದಿನ ದಿನ ಕೊನೇದು" ಅಂದಳು ಅಕ್ಕ.

ಹಿಂದಿನ ದಿನ ವಸುಧಾಳೂ ಬಂದಳು. ಅರಿಶಿನ ಕುಂಕುಮ ಕೊಟ್ಟು ಕ್ರಮವಾಗಿ ಕರೆಯಬೇಕಲ್ಲ, ಬರಲಿ ಬಿಡಲಿ. ಮುಂದಿನ ಸೀಟಿನಲ್ಲಿ ಮೊಸರು ಕೂರುವುದೋ ವಸುಧಾ ಕೂರುವುದೋ ಎಂಬ ಪ್ರಶ್ನೆ ಬಂತು. ಅವಳು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗು ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಕೂತಳು. ನಾನು ಅದನ್ನು ದೊಡ್ಡದಾಗಿ ಗಮನಿಸಲಿಲ್ಲ. ನನ್ನ ಧ್ಯಾನವೆಲ್ಲ ಹಿಂದಿದ್ದ ಕಲ್ಲಿನ ಮೇಲಿತ್ತು.

ಭಾವ ಡಬ್ಬಿಯನ್ನು ಅಲ್ಲಾಡಿಸಿದರು. ಸದ್ದಿಲ್ಲ. ಮುಚ್ಚಳ ತೆಗೆದರು. ಬೆಳಿಗ್ಗೆ ಹೆಪ್ಪುಗಟ್ಟಿದ ಹಾಗೇ, ಕನ್ನಡಿಯ ಹಾಗೆ, ಒಂದು ಗೆರೆಯಿಲ್ಲ.

"ಪಾಸು! ಸರಳಾ, ಫಸ್ಟ್ ಕ್ಲಾಸು!"

ನಾನು ಎದೆಯುಬ್ಬಿಸಿ ಒಳಗೆ ಹೋದೆ. ಅಕ್ಕ ನನ್ನನ್ನು ನೋಡಲಿಲ್ಲ, ವಸುಧಾಳನ್ನು ನೋಡಿದಳು. ಫ್ರಿಜ್ಜಿನಿಂದ ತೆಗೆದ ಡಬ್ಬಿ ಬೆವರಿ, ಅವಳ ಸೀರೆಯ ಮಡಿಲು ಅದರ ತಳದಷ್ಟು ಅಗಲಕ್ಕೆ ಒದ್ದೆಯಾಗಿತ್ತು.

"ಡಬ್ಬಿ ಯಾರ ಹತ್ರ ಇತ್ತು?"

"ನನ್ನ ತೊಡೆ ಮೇಲೆ ಇಟ್ಕೊಂಡಿದ್ದೆ ಅತ್ತಿಗೆ. ಜಾಗ ಇರ್ಲಿಲ್ಲ."

"ಅಂದ್ರೆ ಪಾಸಾಗಿದ್ದು ನೀನು. ಅವನ ಜೀಪಲ್ಲ."

"ಹಂಗೇನಿಲ್ಲ ಅಕ್ಕಾ, ಒರಳುಕಲ್ಲು ಇಟ್ಟ ಮೇಲೆ..."

"ಲೋ ಶೀನ, ಚಿಕ್ಕಪ್ಪನ ಜೀಪು ಹತ್ತಿ ಹಾಸಿಗೆ ಥರ ಇತ್ತು ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತೀಯಲ್ಲ. ಅದರಲ್ಲಿ ನೀನು ಎಲ್ಲಿ ಕೂರ್ತಿದ್ದೆ?"

"ಹಿಂದೆ. ಬಲಗಡೆ ಬೆಂಚಿನ ಮೇಲೆ."

"ಬೆಂಚಿನ ಮೇಲೆ ಕೂರ್ತಿದ್ದೋಳು ನಾನು. ನೀನು ಕೂರ್ತಿದ್ದಿದ್ದು ನನ್ನ ಮೇಲೆ." ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಂದಳು. "ಜಯನಗರದಿಂದ ಈ ಕೆರೆ ಬರೋ ತನಕ ತೊಡೆ ಮೇಲೆ. ಕೆಳಗೆ ತಗಡು, ಮೇಲೆ ನೀನು. ಮಾರನೇ ದಿನ ಕಾಲೇಜಲ್ಲಿ ನನಗೆ ಕೂರಕ್ಕಾಗ್ತಿರಲಿಲ್ಲ. ಸಾಲದ್ದಕ್ಕೆ ನಿದ್ದೆಗಣ್ಣಲ್ಲಿ ಒದೀತಿದ್ದೆ ಬೇರೆ. ಬೂಟುಗಾಲಲ್ಲಿ! ಎರಡೂ ಕಾಲು ನೀಲಿ ಕಟ್ಟಿರೋದು."

"ನಾನು ಹೇಳ್ಲಿಲ್ವಾ, ನೀಲಿ ಅಂತ" ಅಂದರು ಭಾವ.

ಎಲ್ಲರೂ ನಕ್ಕರು. ನಾನೂ ನಕ್ಕೆ, ನಗುತ್ತ ಒಳಗೆ ಹುಡುಕುತ್ತಿದ್ದೆ. ನನ್ನ ಆ ಭಾನುವಾರಗಳಲ್ಲಿ ಎಲ್ಲರೂ ಇದ್ದಾರೆ. ಚಿಕ್ಕಪ್ಪನ ಕತ್ತಿನ ಹಿಂಭಾಗವಿದೆ, ಎದುರಿನ ಬೆಂಚಿನಲ್ಲಿ ಅಜ್ಜಿಯಿದ್ದಾಳೆ, ಅವಳ ಕಾಲ ಹತ್ತಿರ ಚಿತ್ರಾನ್ನದ ಡಬ್ಬಿಯಿದೆ, ನೀಲಗಿರಿ ಮರಗಳು ಹಿಂದೆ ಓಡುತ್ತಿವೆ. ಅಕ್ಕ ಮಾತ್ರ ಎಲ್ಲೂ ಇಲ್ಲ. ಹೇಗೆ ಇರುತ್ತಾಳೆ? ಕೂತ ಜಾಗ ಕೂತವನಿಗೆ ಕಾಣುವುದಿಲ್ಲ. ಕಂಡದ್ದನ್ನಷ್ಟೇ ನಾನು ಜೋಡಿಸಿಟ್ಟುಕೊಂಡು, ಕಾಣದ್ದನ್ನು ಜೀಪಿನ ಗುಣವೆಂದು ತಿಳಿದು, ಇಷ್ಟು ವಯಸ್ಸಾದ ಮೇಲೆ ಒಂದು ಗಾಡಿಯನ್ನೇ ಕೊಂಡಿದ್ದೆ. ಹೊಟ್ಟೆಯ ಸುತ್ತ ಇದ್ದ ಬೆಲ್ಟು ಒತ್ತುತ್ತಿತ್ತೆಂದೆನಲ್ಲ. ಈಗ ನೆನಪಿಸಿಕೊಂಡರೆ ಅದು ಒತ್ತುತ್ತಿದ್ದದ್ದು ಸಣ್ಣ ಸಣ್ಣ ಉಂಗುರಗಳಾಗಿ, ಗಾಜಿನ ಬಳೆಗಳ ಹಾಗೆ. ಅಥವಾ ಇದನ್ನೂ ಅಕ್ಕ ಹೇಳಿದ ಮೇಲೆ ನಾನೇ ಮಾಡಿಕೊಂಡೆನೋ? ಗೊತ್ತಿಲ್ಲ. ನಯಾಜನ ಹತ್ತಿರ ಹೇಳಲಾಗದ ಆ ಮಾತನ್ನು ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

"ಹೋಗ್ಲಿ ಬಿಡು ಅಕ್ಕಾ" ಅಂದೆ. "ಬಾಗಿನ ನಾಳೆ ಇಲ್ಲಿಗೇ ತರ್ತೀನಿ."

ಅಷ್ಟು ದಿನಗಳಲ್ಲಿ ನಾನು ಒತ್ತಾಯ ಮಾಡದೆ ಆಡಿದ ಮೊದಲ ಮಾತು ಅದು. ಅಕ್ಕ ಕಿಟಕಿಯ ಕಡೆ ನೋಡಿದಳು. ಕೆರೆಯ ಅಂಚಿನಲ್ಲಿ ಬೆಳ್ಳಕ್ಕಿಗಳು ಕೂತಿದ್ದವು.

"ಇಲ್ಲಿಗೆ ತಂದ್ರೆ ಅದು ತವರು ಹೇಗಾಗುತ್ತೋ? ಕೊರಿಯರ್ ಆಗುತ್ತೆ." ಆಮೇಲೆ ಭಾವನ ಕಡೆ ತಿರುಗಿದಳು. "ರೀ, ಆ ಚಮಚ ಕೆಳಗಿಡಿ. ಮೊಸರು ಮುಟ್ಟಬೇಡಿ. ಫ್ರಿಜ್ಜಲ್ಲಿಡಿ."

"ಯಾಕೆ?"

"ನಾಳೆ ವಾಪಸ್ ಪದ್ಮನಾಭನಗರಕ್ಕೆ ಹೋಗ್ಬೇಕು ಅದು. ನಾನು ಹಿಡ್ಕೊಂಡು ಹೋಗ್ತೀನಿ. ಆ ಕೆಲಸ ನನಗೇ ಅಭ್ಯಾಸ ಇರೋದು."

ಹಬ್ಬದ ಬೆಳಿಗ್ಗೆ ಜೀಪನ್ನು ಅಪಾರ್ಟ್‌ಮೆಂಟಿನ ಮುಂದಿನ ಕಟ್ಟೆಗೆ ತಾಗುವಷ್ಟು ಹತ್ತಿರ ನಿಲ್ಲಿಸಿದೆ. ಕಟ್ಟೆಯೂ ಸೀಟೂ ಹೆಚ್ಚುಕಡಿಮೆ ಒಂದೇ ಮಟ್ಟ. ಅಕ್ಕ ಬೆನ್ನು ಮಾಡಿ ನಿಂತು, ಕಣ್ಣು ಮುಚ್ಚಿ, ಏನೋ ಹೇಳಿಕೊಂಡು, ಕೂತಳು. ಆಮೇಲೆ ಕಾಲುಗಳನ್ನು ಒಂದೊಂದಾಗಿ ಒಳಗೆ ತೆಗೆದುಕೊಂಡಳು. ಭಾವ ಹಿಂದೆ ಹತ್ತಿ ಒರಳುಕಲ್ಲನ್ನು ತಬ್ಬಿಕೊಂಡರು. ಇಬ್ಬರ ಭಾರಕ್ಕೂ ಪಟ್ಟಿಗಳು ಇನ್ನಷ್ಟು ಬಾಗಿದವು. ಅಕ್ಕನ ಮುಖ ಬಿಳಿಚಿತ್ತು. ಕೈ ನಡುಗುತ್ತಿತ್ತು. "ಡಬ್ಬಿ ಕೊಡು" ಅಂದಳು. ಕೊಟ್ಟೆ. ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಸುತ್ತ ಹಿಡಿದಳು. ಕೈ ನಡುಗುವುದು ನಿಂತಿತು. ನಡುಗಿದರೆ ಮೊಸರು ಒಡೆಯುತ್ತದಲ್ಲ.

ದಾರಿಯುದ್ದಕ್ಕೂ ಅವಳು ರಸ್ತೆ ನೋಡಲಿಲ್ಲ, ಸೊಂಟದ ಮಾತೂ ಆಡಲಿಲ್ಲ. ಕಣ್ಣೆಲ್ಲ ಡಬ್ಬಿಯ ಮೇಲೆ. "ನಿಧಾನ. ಹಂಪು ಬರುತ್ತೆ ನೋಡು. ಲೋ, ಆ ಬಸ್ಸಿನವನು ಹಾರನ್ ಹೊಡ್ಕೊಳ್ಲಿ ಬಿಡೋ, ಅವನ ಹತ್ರ ಮೊಸರಿದೆಯಾ? ಹಾಂ, ಈಗ ಬಿಡು." ಗುಂಡಿ ಬಂದಾಗ ಅವಳ ಮೈ ತಾನಾಗಿ ಸ್ವಲ್ಪ ಎದ್ದು, ತೋಳುಗಳು ಸಡಿಲವಾಗಿ, ಏಟನ್ನು ಎಲ್ಲೋ ತನ್ನೊಳಗೇ ಇಳಿಸಿಕೊಂಡು, ಡಬ್ಬಿಯನ್ನು ಇದ್ದಲ್ಲೇ ಇರಿಸುತ್ತಿತ್ತು. ಯಾರೂ ಕಲಿಸಿದ್ದಲ್ಲ. ಅಥವಾ ನಾನೇ ಕಲಿಸಿದ್ದು. ನಾನು ಓರೆಗಣ್ಣಿನಲ್ಲಿ ಆ ಕೈಗಳನ್ನು ನೋಡುತ್ತ, ಜೀವಮಾನದಲ್ಲೇ ಅಷ್ಟು ನಿಧಾನವಾಗಿ ಓಡಿಸಿದೆ. ಸಾರಕ್ಕಿಯಲ್ಲಿ ಒಂದು ತಳ್ಳುಗಾಡಿ ನಮ್ಮನ್ನು ದಾಟಿಕೊಂಡು ಹೋಯಿತು.

ನಮ್ಮ ಗೇಟಿನ ಮುಂದೆ ವಸುಧಾ ಇಳಿಯಲು ಗಿಡ್ಡ ಸ್ಟೂಲು ಹಿಡಿದು ಕಾದಿದ್ದಳು. ಎದುರು ಮನೆಯ ಮೇಷ್ಟ್ರು ಕೂಡ ವರಾಂಡದಲ್ಲಿ ನಿಂತು ನೋಡುತ್ತಿದ್ದರು. ಅಕ್ಕ ಇಳಿಯುವ ಮೊದಲೇ ಮುಚ್ಚಳ ತೆಗೆದು ತೋರಿಸಿದಳು. ಒಂದು ಗೆರೆಯಿಲ್ಲ. ಭಾವ ಹಿಂದಿನಿಂದ ಚಪ್ಪಾಳೆ ತಟ್ಟಿದರು. ಸ್ಟೂಲಿನ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟು, ಜೀಪಿನ ಬಾನೆಟ್ಟಿಗೆ ಕೈ ಆನಿಸಿ, ಅವಳು ನಮ್ಮ ಮನೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ತೋರಣ ವಾರೆಯಾಗಿದೆ ಅಂದಳು. ಬೈಗುಳ ವಾಪಸು ಬಂದಿತ್ತು.

ನನ್ನ ಜೀಪಿಗೆ ಒಂದು ಸರ್ಟಿಫಿಕೇಟು ಸಿಗಲೇಬೇಕೆಂದು ನಾನು ಕಾದೆ. ಗಾಳಿ, ಶಾಕ್ಸು, ಗ್ರೀಸು, ಪಟ್ಟಿ, ಕಲ್ಲು, ಎಷ್ಟೊಂದು ಮಾಡಿದ್ದೆ.

"ಹೇಗಿತ್ತು ಅಕ್ಕಾ? ಮೆತ್ತಗಿತ್ತಲ್ವಾ?"

"ಮೆತ್ತಗೇನಿಲ್ಲ ಕಣೋ. ಅವತ್ತು ಹೇಗಿತ್ತೋ ಹಂಗೇ ಇದೆ" ಅಂದು, ಡಬ್ಬಿಯನ್ನು ವಸುಧಾಳ ಕೈಗೆ ದಾಟಿಸಿ, ಮಡಿಲು ಕೊಡವಿಕೊಂಡಳು. "ಆದ್ರೆ ಇದು ಒದೀಲಿಲ್ಲ."